ಅತ್ತೆಗೆ ನಾಟಿಕೋಳಿ ಬೇಯಿಸಿದ ವರ್ಷ

ಮೊನ್ನೆ ಬೆಳಿಗ್ಗೆ ಮೂರ್ನಾಡಿನ ನನ್ನ ಟೈಲರಿಂಗ್ ಅಂಗಡಿಯ ಬಾಗಿಲು ತೆಗೆದು ಮೆಷಿನ್ನಿನ ಮೇಲಿನ ಬಟ್ಟೆ ಸರಿಸುವಷ್ಟರಲ್ಲಿ, ನನ್ನ ಗಂಡ ಲೋಕೇಶ್ ಮೊಟ್ಟೆಯ ಬುಟ್ಟಿಯನ್ನು ತಂದು ಕಟಿಂಗ್ ಟೇಬಲ್ಲಿನ ಕೆಳಗಿಟ್ಟು ಹೋದರು. ದಾರಿಯಲ್ಲಿ ಮಳೆ ಹನಿದಿರಬೇಕು. ಮೊಟ್ಟೆಯ ಸುತ್ತ ತುಂಬಿದ್ದ ಭತ್ತದ ಹೊಟ್ಟಿಗೆ ತೇವ ತಾಗಿ, ಹಸಿ ಮಣ್ಣು, ಸೌದೆ ಹೊಗೆ, ಕೋಳಿಗೂಡು ಎಲ್ಲ ಬೆರೆತ ಒಂದು ವಾಸನೆ ಅಂಗಡಿ ತುಂಬ ಹರಡಿತು. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಹೆಂಗಸು ಮೂಗು ಸಿಂಡರಿಸಿ, "ಎಂತ ಇದು ವಾಸನೆ?" ಎಂದಳು. ಆ ವಾಸನೆ ತಾಳಲಾರದೆ ನಾನು ಅಂಗಡಿಯಿಂದ ಹೊರಗೆ ಓಡಿದ್ದ ಒಂದು ದಿನವೂ ಇತ್ತು. ಈಗ ಅದೇ ವಾಸನೆ ಒಂದು ಇಡೀ ವರ್ಷವನ್ನು ಎತ್ತಿ ತಂದು ನನ್ನ ಮುಂದೆ ಕೂರಿಸುತ್ತದೆ.

ನಾನು ಹುಟ್ಟಿ ಬೆಳೆದದ್ದು ಕೊಡ್ಲಿಪೇಟೆಯ ಹತ್ತಿರ, ಲಿಂಗಾಯತರ ಮನೆಯಲ್ಲಿ. ಮಾಂಸವಂತೂ ದೂರದ ಮಾತು, ಮೊಟ್ಟೆಯನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಲೋಕೇಶ್ ಅವರದು ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಮನೆ. ಅವರು ಎಸ್ಟೇಟುಗಳಿಗೆ ಪಿಕಪ್ ಓಡಿಸುತ್ತಿದ್ದಾಗ ಪರಿಚಯವಾಗಿ, ಇಬ್ಬರೂ ಮೆಚ್ಚಿ ಮದುವೆಯಾದೆವು. ಮೂರ್ನಾಡಿನಲ್ಲಿ ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ನಮ್ಮ ಜೊತೆಗೆ ಇರಲು ಬಂದವರು ನನ್ನ ಅತ್ತೆ ಸೀತಮ್ಮ.

ಅತ್ತೆ ಬಂದ ಮರುದಿನವೇ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮೇಲೊಂದು ತಗಡು ಇಳಿಸಿ ಬೇರೆ ಒಲೆ ಮಾಡಿಕೊಂಡರು. ಕೋಳಿಯೋ ಹಂದಿಯೋ ಮೀನೋ, ಏನೇ ಇದ್ದರೂ ಅಲ್ಲೇ ಬೇಯಿಸಿ, ತಾಯಿ ಮಗ ಅಲ್ಲೇ ಕೂತು ಉಂಡು, ಪಾತ್ರೆಯನ್ನು ಹಿತ್ತಲ ಕಲ್ಲಿನ ಮೇಲೆಯೇ ತೊಳೆದು ಕವುಚಿಡುತ್ತಿದ್ದರು. ಹಾಗೆ ಮಾಡಿ ಎಂದು ನಾನು ಕೇಳಿರಲಿಲ್ಲ. ನಿನಗೋಸ್ಕರ ಮಾಡಿದೆ ಎಂದು ಅವರೂ ಹೇಳಿರಲಿಲ್ಲ. ಅವರಿಗೆ ಹೊರಗೆ ಬೇಯಿಸಿ ರೂಢಿಯಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ.

ಆ ವರ್ಷ ಮಳೆ ಹಿಡಿದ ಹೊಸತರಲ್ಲಿ ಅತ್ತೆ ಅದೇ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಮಡಿಕೇರಿಯಲ್ಲಿ ಆಪರೇಷನ್ ಆಯಿತು. ಮನೆಗೆ ಕರೆತಂದು ಮಲಗಿಸಿದ ಮೇಲೆ ಅವರು ಗೋಡೆ ಕಡೆ ಮುಖ ಮಾಡಿದವರು ತಿರುಗಲೇ ಇಲ್ಲ. ಊಟ ಬಿಟ್ಟರು. ಗಂಜಿ ಎರಡು ಚಮಚ, ಕಾಫಿ ಅರ್ಧ ಲೋಟ, ಅಷ್ಟೇ. ಗಾಯ ಬೇಗ ಮಾಯುತ್ತಿರಲಿಲ್ಲ. ಡ್ರೆಸಿಂಗ್ ಮಾಡಲು ಹೋದಾಗ ಡಾಕ್ಟರು ನನ್ನನ್ನೇ ಗದರಿಸಿದರು. "ಇವರಿಗೆ ಮೊಟ್ಟೆ ಕೊಡಿ, ಮಾಂಸ ಕೊಡಿ. ಮೈಗೆ ಹತ್ತುವಂಥದ್ದು ಏನಾದರೂ ಹೋಗಬೇಕಲ್ಲ. ಹೀಗೇ ಆದರೆ ಇವರು ಎದ್ದು ನಡೆಯುವುದಿಲ್ಲ."

ಲೋಕೇಶ್ ಹೋಟೆಲಿನಿಂದ ಕೋಳಿ ಸಾರು ಕಟ್ಟಿಸಿಕೊಂಡು ಬಂದರು. ಅತ್ತೆ ಪೊಟ್ಟಣ ಬಿಚ್ಚಲೂ ಬಿಡಲಿಲ್ಲ. "ನಂಗೆ ಬೊತ್ತು" ಎಂದರು. ಅರೆಭಾಷೆಯಲ್ಲಿ ಬೇಡ ಅನ್ನುವುದಕ್ಕೆ ಬೊತ್ತು ಎನ್ನುತ್ತಾರೆ. ಆ ಮಳೆಗಾಲದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಅದು. ಅಂಗಡಿಯ ಮೊಟ್ಟೆ ತಂದರೂ ಬೊತ್ತು. ಬ್ರಾಯ್ಲರ್ ತಂದರೂ ಬೊತ್ತು. ಆರೋಗ್ಯವಾಗಿದ್ದಾಗ ಹಿತ್ತಲ ಒಲೆಯ ಮುಂದೆ ಕೂತು ಖುಷಿಯಿಂದ ಉಣ್ಣುತ್ತಿದ್ದವರು ಈಗ ಯಾಕೆ ಹೀಗೆ ಎಂದು ನನಗೆ ಅರ್ಥವೇ ಆಗಲಿಲ್ಲ.

ಅಂಥ ಒಂದು ಬೆಳಿಗ್ಗೆ ದಮಯಂತಕ್ಕ ಅಂಗಡಿಗೆ ಬಂದರು. ಊರಿನಿಂದ ಸ್ವಲ್ಪ ಒಳಗೆ ಗಂಡ ಕುಶಾಲಪ್ಪನ ಜೊತೆ ಕೋಳಿ, ಹಂದಿ ಸಾಕುತ್ತಿದ್ದ ಹೆಂಗಸು. ಮದುವೆಯೊಂದಕ್ಕೆ ಬ್ಲೌಸ್ ಹೊಲಿಸಬೇಕಿತ್ತು. ಮನೆಮನೆಗೆ ಕೊಡುತ್ತಿದ್ದ ಮೊಟ್ಟೆಯ ಬುಟ್ಟಿಯನ್ನು ಟೇಬಲ್ಲಿನ ಮೇಲಿಟ್ಟರು. ಆ ವಾಸನೆಗೇ ನಾನು ಸೆರಗು ಮೂಗಿಗೆ ಒತ್ತಿಕೊಂಡು ಹೊರಗೆ ಓಡಿದ್ದು. ತಿರುಗಿ ಬಂದಾಗ ಅವರು ಬುಟ್ಟಿಯನ್ನು ಹೊರಗಿನ ಮೆಟ್ಟಿಲಿಗೆ ಒಯ್ದು ಇಟ್ಟಿದ್ದರು. ಒಂದಿಷ್ಟೂ ಬೇಜಾರು ಮಾಡಿಕೊಂಡಿರಲಿಲ್ಲ. ಅಳತೆ ತೆಗೆಯುತ್ತಾ ನಾನು ಅತ್ತೆಯ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು.

"ನಿಮ್ಮ ಮೊಟ್ಟೆ, ನಿಮ್ಮ ಕೋಳಿಯಾದ್ರೆ ತಿಂತಾರೇನೋ ಅಕ್ಕ. ನನಗೊಂದು ಕೋಳಿ ಕೊಡಿ. ನಾನೇ ಬೇಯಿಸಿ ಹಾಕ್ತೀನಿ" ಎಂದೆ.

"ನೀವು ಬೇಯಿಸುದಾ?" ದಮಯಂತಕ್ಕ ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಮೊದಲು ತೋಟಕ್ಕೆ ಬನ್ನಿ. ನಮ್ಮ ಕೋಳಿ ಹೇಗುಂಟು, ಎಲ್ಲಿ ಮಲಗ್ತದೆ, ಎಂತ ತಿಂತದೆ ಅಂತ ನೋಡಿ. ನಾನು ಬಂದು ನೋಡದವರಿಗೆ ಕೋಳಿ ಕೊಡುದಿಲ್ಲ. ನೋಡಿದ ಮೇಲೆ ಬೇಡ ಅನ್ನಿಸಿದ್ರೆ ಕಾಫಿ ಕುಡಿದು ಹೋಗಿ. ಬೇಜಾರಿಲ್ಲ."

ಮರುದಿನ ಮಳೆ ಕೊಂಚ ಬಿಟ್ಟಾಗ ಸ್ಕೂಟರಿನಲ್ಲಿ ಹೋದೆ. ಗೇಟಿನೊಳಗೆ ಕಾಲಿಟ್ಟಾಗ ಕೋಳಿಗಳು ಕಾಫಿ ಗಿಡದ ಬುಡದ ಕೊಳೆತ ಎಲೆಗಳನ್ನು ಕೆದಕುತ್ತಾ ಅಲ್ಲಲ್ಲಿ ಚದುರಿದ್ದವು. ಒಂದು ಕೆಂಪು ಹೇಟೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತ್ತು. ಇಳಿಜಾರಿನಲ್ಲಿ ಬೇಲಿ ಹಾಕಿದ ದೊಡ್ಡ ಜಾಗದಲ್ಲಿ ಹಂದಿಗಳು ಕೆಸರಿನಲ್ಲಿ ಹೊರಳುತ್ತಿದ್ದವು. ಹಂದಿಗೂಡು ಎಂದರೆ ಕತ್ತಲೆ, ಗಬ್ಬು ಎಂದು ಕಲ್ಪಿಸಿಕೊಂಡಿದ್ದ ನನಗೆ ಅವು ಓಡಾಡುವುದನ್ನು, ಒಂದನ್ನೊಂದು ತಳ್ಳಿ ಆಡುವುದನ್ನು ಕಂಡು ನಗು ಬಂತು. ದಮಯಂತಕ್ಕನ ಗಂಡ ಕುಶಾಲಣ್ಣ ದೊಡ್ಡ ಹಂಡೆಯಲ್ಲಿ ಹಲಸಿನಹಣ್ಣಿನ ಸಿಪ್ಪೆ, ಕೆಸುವಿನ ಎಲೆ, ತೌಡು ಹಾಕಿ ಬೇಯಿಸುತ್ತಿದ್ದರು. ಹೋಟೆಲಿನ ಎಂಜಲು ಪುಕ್ಕಟೆ ಸಿಗುತ್ತಿದ್ದರೂ ಅವರು ತರುತ್ತಿರಲಿಲ್ಲ. "ಯಾರು ಯಾರದ್ದೋ ಎಂಜಲು. ಅದರಲ್ಲಿ ಎಂತ ಉಂಟು ಅಂತ ಯಾರಿಗೆ ಗೊತ್ತು?" ಎಂದರು. ನನ್ನೊಡನೆ ಅಂದು ಅವರು ಆಡಿದ ಮಾತು ಅಷ್ಟೇ. ಉಳಿದದ್ದೆಲ್ಲ ಹಂದಿಗಳ ಜೊತೆ.

ಮೊದಲ ಸಲ ಮೊಟ್ಟೆ ಮಾತ್ರ ತಂದೆ. ಅಡುಗೆಮನೆಯ ಒಲೆಯಲ್ಲೇ ಬೇಯಿಸಿ, ಸಿಪ್ಪೆ ಸುಲಿದು, ಮೆಣಸಿನ ಪುಡಿ ಉದುರಿಸಿ ಅತ್ತೆಯ ಮುಂದಿಟ್ಟೆ. ಅತ್ತೆ ಗೋಡೆಯಿಂದ ಮುಖ ತಿರುಗಿಸಿ ತಟ್ಟೆ ನೋಡಿದರು, ನನ್ನ ಕೈ ನೋಡಿದರು.

"ನೀ ಯಾಕೆ ಮುಟ್ಟಿದ್ದು ಮಗಾ?"

"ಮತ್ಯಾರು ಮುಟ್ಬೇಕಿತ್ತು ಅತ್ತೆ?"

"ನಿಂಗೆ ಆಗುದಿಲ್ಲೆ ಅಂತ ನಂಗೆ ಗೊತ್ತಿಲ್ಲೆನಾ? ನಿನ್ನ ಅಪ್ಪನ ಮನೆಯವರು ನಿನ್ನನ್ನ ಹೇಗೆ ಬೆಳೆಸಿದ್ದು ಅಂತ ಗೊತ್ತುಟ್ಟು. ಅದಕ್ಕೇ ಅಲ್ವಾ ನಾನು ಹೊರಗೆ ಒಲೆ ಹಾಕಿದ್ದು. ಈಗ ನಾನು ಬಿದ್ದೆ ಅಂತ ಇದನ್ನೆಲ್ಲ ಒಳಗೆ ತರಿಸಿ, ಬೇಯಿಸುದು, ತಟ್ಟೆ ತೊಳೆಯುದು ಎಲ್ಲ ನಿನ್ನ ಕೈಲಿ ಮಾಡಿಸುದಾ? ಅದಕ್ಕಿಂತ ತಿನ್ನದೆ ಇರುದು ಲಾಯ್ಕು."

ಅಷ್ಟು ದಿನ ಬೊತ್ತು ಬೊತ್ತು ಎಂದದ್ದು ಇದಕ್ಕೆ. ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. "ನೀವು ತಿನ್ನದೇ ಇದ್ರೆ ನನಗೂ ಊಟ ಸೇರಲ್ಲ ಅತ್ತೆ. ನಾನು ತಿನ್ನಲ್ಲ, ಅದು ಬೇರೆ. ಮುಟ್ಟಕ್ಕೇನು? ಆ ಕೋಳಿಗಳನ್ನ ನೋಡ್ಕೊಂಡು ಬಂದಿದೀನಿ. ಚೆನ್ನಾಗವೆ. ನಂಬಿ, ತಿನ್ನಿ" ಎಂದೆ. ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಅರ್ಧ ಮೊಟ್ಟೆ ಬಾಯಿಗಿಟ್ಟುಕೊಂಡರು. ಉಳಿದ ಅರ್ಧಕ್ಕೆ ಉಪ್ಪು ಕಮ್ಮಿ ಎಂದರು. ಉಪ್ಪು ತರಲು ಒಳಗೆ ಓಡಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆಷಾಢದ ಹೊತ್ತಿನ ಆಟಿ ತಿಂಗಳು ಬಂತು. ಮಳೆ ಹಗಲಿರುಳು ಸುರಿಯುತ್ತಿತ್ತು. ಹೊಲಿಯಲು ಬಂದ ಬಟ್ಟೆಗಳಿಗೂ ಬೂಸಲಿನ ವಾಸನೆ. ಅತ್ತೆ ದಿನಕ್ಕೆ ಎರಡು ಮೊಟ್ಟೆ ತಿನ್ನುವಷ್ಟಾಗಿದ್ದರು. ಇನ್ನು ಕೋಳಿ ತರೋಣ ಎಂದು ಒಂದು ಬೆಳಿಗ್ಗೆ ಮತ್ತೆ ತೋಟಕ್ಕೆ ಹೋದೆ. ಮರಿಗಳಿರುವ ಹೇಟೆಯನ್ನು, ಕಾವಿಗೆ ಕೂತದ್ದನ್ನು ದಮಯಂತಕ್ಕ ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಒಂದು ಕಪ್ಪು ಹುಂಜವನ್ನು ತೋರಿಸಿ, "ಇದು ಆಗಬಹುದು" ಎಂದರು. ಕುಶಾಲಣ್ಣ ಅದನ್ನು ಎತ್ತಿ ಎದೆಗೆ ಒತ್ತಿಕೊಂಡು, ಅಂಗೈಯಿಂದ ಅದರ ಕಣ್ಣು ಮುಚ್ಚಿ, ಬೆನ್ನು ಸವರುತ್ತಾ ಕೊಟ್ಟಿಗೆಯ ಹಿಂದಕ್ಕೆ ನಡೆದರು. ಹುಂಜ ಒದ್ದಾಡಲಿಲ್ಲ. ಒಂದು ಸದ್ದೂ ಕೇಳಲಿಲ್ಲ. ಬೇರೆ ಕೋಳಿಗಳನ್ನು ಇನ್ನೂ ಗೂಡಿನಿಂದ ಬಿಟ್ಟಿರಲಿಲ್ಲ. ಅವುಗಳ ಎದುರು ಆ ಕೆಲಸ ಮಾಡುವುದಿಲ್ಲವೆಂದು ದಮಯಂತಕ್ಕ ಹೇಳಿದರು. ತಿರುಗಿ ಬಂದ ಕುಶಾಲಣ್ಣ ಕೈ ತೊಳೆದು, ಯಾರ ಜೊತೆಗೂ ಮಾತಾಡದೆ ಜಗಲಿಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿದರು. ಇಷ್ಟು ವರ್ಷದ ಮೇಲೂ ಅವರಿಗೆ ಹಾಗಾಗುತ್ತದೆ ಎಂಬುದು ನನಗೆ ಒಂದು ಬಗೆಯ ಧೈರ್ಯ ಕೊಟ್ಟಿತು. ನನಗೂ ಕಣ್ಣು ತುಂಬಿತ್ತು. ಅದನ್ನು ಮುಚ್ಚಿಡಬೇಕು ಎಂದು ಅಲ್ಲಿ ಅನ್ನಿಸಲಿಲ್ಲ.

ಸಾರು ಮಾಡಿದ ದಿನವನ್ನು ನೆನೆಸಿಕೊಂಡರೆ ಈಗಲೂ ನಗುತ್ತೇವೆ. ಅತ್ತೆ ಹಾಸಿಗೆಯಿಂದಲೇ ಕೂಗಿ ಹೇಳುತ್ತಿದ್ದರು. "ಕಾಳುಮೆಣಸು ಹುರಿ. ಕರಟಿಸಬೇಡ. ತೆಂಗಿನಕಾಯಿ ಕೆಂಪಾಯ್ತಾ? ನಂಗೆ ವಾಸನೆ ಬರ್ತಾ ಇಲ್ಲೆ, ಇನ್ನೂ ಆಗ್ಲಿಲ್ಲೆ ಅದು." ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೌಟು ತಿರುಗಿಸುತ್ತಿದ್ದೆ. ಉಪ್ಪು ಹದ ನೋಡುವುದು ಹೇಗೆ? ನಾನು ರುಚಿ ನೋಡುವವಳಲ್ಲ. ಬಟ್ಟಲಿಗೆ ಒಂದಿಷ್ಟು ಹಾಕಿಕೊಂಡು ಅತ್ತೆಯ ಬಳಿ ಒಯ್ದೆ. ಕುಡಿದು, "ಉಪ್ಪು ಚೂರು ಬೇಕು" ಎಂದರು. ಹಾಕಿ ತಂದೆ. "ಹುಳಿ ಸಾಲದು." ಕಾಚಂಪುಳಿಯ ಕಪ್ಪು ರಸ ಎರಡು ಹನಿ ಬಿಟ್ಟು ತಂದೆ. "ಈಗ ಖಾರ ಕಮ್ಮಿ ಅನ್ನಿಸ್ತುಟ್ಟು." ಹೀಗೆ ಹದ ನೋಡುತ್ತಲೇ ಅತ್ತೆ ಒಂದು ದೊಡ್ಡ ಲೋಟದಷ್ಟು ಸಾರು ಕುಡಿದು ಮುಗಿಸಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲೋಕೇಶ್, "ಅಮ್ಮ, ನನಗೂ ಸ್ವಲ್ಪ ಹದ ನೋಡ್ಲಿಕ್ಕೆ ಬಿಡಿ" ಎಂದರು. ಬಿದ್ದ ದಿನದಿಂದ ಅತ್ತೆ ಮೊದಲ ಬಾರಿಗೆ ಜೋರಾಗಿ ನಕ್ಕರು.

ಮಳೆ ಇಳಿಮುಖವಾಗುವ ಹೊತ್ತಿಗೆ ಗಾಯ ಮಾಯಿತು. ವಾಕರ್ ಹಿಡಿದು ಕೋಣೆಯೊಳಗೆ ನಾಲ್ಕು ಹೆಜ್ಜೆ ಇಡತೊಡಗಿದರು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಆಫ್ರಿಕನ್ ಹಂದಿಜ್ವರದ ಸುದ್ದಿ ಬಂತು. ಯಾವುದೋ ಊರಿನಲ್ಲಿ ಒಂದು ಗೂಡಿನ ಹಂದಿಗಳೆಲ್ಲ ಸತ್ತವಂತೆ, ಸುತ್ತಲಿನವನ್ನೂ ಕೊಂದು ಹೂಳಿದರಂತೆ. ಆ ಕಾಯಿಲೆ ಮನುಷ್ಯರಿಗೆ ಬರುವುದಿಲ್ಲ, ಕೋಳಿಗೂ ಬರುವುದಿಲ್ಲ. ಹಂದಿಗೆ ಬಂದರೆ ಮಾತ್ರ ಮದ್ದಿಲ್ಲ. ಮನುಷ್ಯರ ಚಪ್ಪಲಿಯಲ್ಲಿ, ಗಾಡಿಯ ಚಕ್ರದಲ್ಲಿ ಅಂಟಿಕೊಂಡು ಬರುತ್ತದೆ. ಎಲ್ಲರೂ ಬಂದು ನೋಡಿ ಎಂದು ಕರೆಯುತ್ತಿದ್ದ ದಮಯಂತಕ್ಕ ಗೇಟಿಗೆ ಬೀಗ ಹಾಕಿ, ಅಡ್ಡಲಾಗಿ ಸುಣ್ಣದ ಪಟ್ಟೆ ಎಳೆದು, ಯಾರೂ ಒಳಗೆ ಬರಬಾರದು ಎಂದರು.

ಹಂದಿ ಮಾರಾಟ ನಿಂತಿತು. ವಿಚಿತ್ರವೆಂದರೆ ಜನ ಆ ಮನೆಯ ಮೊಟ್ಟೆಯನ್ನೂ ಬೇಡ ಎಂದರು. ದಮಯಂತಕ್ಕ ಬುಟ್ಟಿ ಹೊತ್ತು ಹೋದ ಕಡೆಯೆಲ್ಲ ಬಾಗಿಲು ಹಾಕಿಕೊಂಡರು. ಅವರು ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ಬಂತು. "ಮೊಟ್ಟೆ ನನ್ನ ಅಂಗಡಿಗೆ ಕಳಿಸಿ ಅಕ್ಕ. ಬಟ್ಟೆ ಹೊಲಿಸಕ್ಕೆ ಬರೋರಿಗೆ ನಾನೇ ಹೇಳ್ತೀನಿ" ಎಂದೆ. ಹೇಳಿದ ಮೇಲೆ, ಆ ವಾಸನೆ ಇನ್ನು ದಿನವಿಡೀ ನನ್ನ ಜೊತೆ ಇರುತ್ತದೆ ಎಂಬುದು ನೆನಪಾಯಿತು. ಇರಲಿ ಎಂದುಕೊಂಡೆ.

ಮರುದಿನದಿಂದ ಲೋಕೇಶ್ ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ಗೇಟಿನ ಹೊರಗಿಂದ ಬುಟ್ಟಿ ಎತ್ತಿಕೊಂಡು ಬರತೊಡಗಿದರು. ಒಂದು ದಿನ ಅವರ ಬದಲು ನಾನು ಹೋಗಿದ್ದೆ. ಗೇಟಿನ ಮುಂದೆ ಒಂದು ದೊಡ್ಡ ವಾಹನ ನಿಂತಿತ್ತು. ಹಂದಿ ವ್ಯಾಪಾರಿಯೊಬ್ಬ ಕುಶಾಲಣ್ಣನನ್ನು ಒಪ್ಪಿಸಲು ನೋಡುತ್ತಿದ್ದ.

"ಇದ್ದದ್ದನ್ನೆಲ್ಲ ಇವತ್ತೇ ತುಂಬಿಸಿ ಕೊಡಿ ಸಾಹುಕಾರ್ರೇ. ನಾನು ದೂರದ ಮಾರ್ಕೆಟಿಗೆ ಹೊಡೀತೇನೆ. ನಾಳೆ ಡಿಪಾರ್ಟ್‌ಮೆಂಟಿನವರು ಬಂದು ಹೂಳಿ ಹೋದ್ರೆ ನಿಮ್ಮ ಕೈಗೆ ಎಂತ ಬರ್ತದೆ?"

ಕುಶಾಲಣ್ಣ ಬೇಲಿಯ ಕಂಬ ಹಿಡಿದು ನಿಂತಿದ್ದರು. "ಒಂದು ಹೆಣ್ಣು ಹಂದಿ ಬೆಳಿಗ್ಗೆಯಿಂದ ತಿಂತಾ ಇಲ್ಲ" ಎಂದರು ನಿಧಾನಕ್ಕೆ. "ಮಲಗಿದಲ್ಲೇ ಉಂಟು. ಮೈ ಸುಡ್ತಾ ಉಂಟು."

ಪಕ್ಕದಲ್ಲಿದ್ದ ದಮಯಂತಕ್ಕ ತಲೆ ತಗ್ಗಿಸಿದರು. ಆ ಸುದ್ದಿ ನನಗೂ ಆಗಲೇ ತಿಳಿದದ್ದು.

"ಅದೊಂದನ್ನ ಬಿಡಿ. ಉಳಿದದ್ದು ಕೊಡಿ. ಯಾರಿಗೆ ಗೊತ್ತಾಗ್ತದೆ?" ಎಂದ ವ್ಯಾಪಾರಿ.

"ನನಗೆ ಗೊತ್ತುಂಟಲ್ಲ ಮಾರಾಯ" ಎಂದರು ಕುಶಾಲಣ್ಣ. "ಅದೇ ಕಾಯಿಲೆ ಅಂತ ಗೊತ್ತಿಲ್ಲ, ಅಲ್ಲ ಅಂತಲೂ ಗೊತ್ತಿಲ್ಲ. ನಿನ್ನ ಗಾಡಿ ಹತ್ತಿಸಿದ್ರೆ ಹೋದ ದಾರಿಯ ಗೂಡಿಗೆಲ್ಲ ಹಂಚಿದ ಹಾಗೆ. ಅಲ್ಲಿಯೂ ನನ್ನ ಹಾಗೇ ಯಾರೋ ಸಾಕ್ತಾ ಇರ್ತಾರೆ. ಇಲ್ಲ, ನೀನು ಹೋಗು."

ವಾಹನ ತಿರುಗಿಕೊಂಡು ಹೋಯಿತು. ಆಮೇಲೆ ಕುಶಾಲಣ್ಣ ಜೇಬಿನಿಂದ ಮೊಬೈಲ್ ತೆಗೆದು ಪಶುವೈದ್ಯರಿಗೆ ಫೋನ್ ಮಾಡಿದರು. ಹಂದಿ ಜ್ವರದಲ್ಲಿ ಬಿದ್ದಿದೆ, ಬಂದು ರಕ್ತ ತೆಗೆಯಿರಿ ಎಂದು ತಾವೇ ಹೇಳಿದರು. ಆ ರಕ್ತದಲ್ಲಿ ಕಾಯಿಲೆ ಕಂಡರೆ ಎಲ್ಲ ಹಂದಿಗಳನ್ನೂ ಕೊಲ್ಲುತ್ತಾರೆ ಎಂದು ಗೊತ್ತಿದ್ದೂ ಮಾಡಿದ ಫೋನು ಅದು.

ರಿಪೋರ್ಟು ಬರಲು ಬಹಳ ದಿನ ಹಿಡಿಯಿತು. ದಮಯಂತಕ್ಕ ಫೋನಿನಲ್ಲಿ ಮಾತು ಕಡಿಮೆ ಮಾಡಿದರು. ಕುಶಾಲಣ್ಣ ಆ ಹೆಣ್ಣು ಹಂದಿಯನ್ನು ಬೇರೆ ಕಟ್ಟಿಹಾಕಿ, ಬಾಟಲಿಯಲ್ಲಿ ಗಂಜಿ ಕುಡಿಸುತ್ತಾ ಅಲ್ಲೇ ಗೋಣಿಚೀಲ ಹಾಸಿಕೊಂಡು ಕೂತಿರುತ್ತಾರೆ ಎಂದು ಮಾತ್ರ ತಿಳಿಯಿತು.

ಇತ್ತ ಅಂಗಡಿಯಲ್ಲಿ ಮೊಟ್ಟೆ ಕೇಳುವವರೇ ಇರಲಿಲ್ಲ. ನಾನು ಹೇಳಿದರೆ ಜನ ನಕ್ಕು, "ನೀವೇ ತಿನ್ನುದಿಲ್ಲ, ನಮಗೆ ಹೇಳ್ತೀರಿ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಇಂಥದೇ ಮಾತು ನಡೆಯುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಟಕ್ ಟಕ್ ಸದ್ದಾಯಿತು. ಅತ್ತೆ ವಾಕರ್ ಊರಿಕೊಂಡು ಅಂಗಡಿಗೇ ಬಂದುಬಿಟ್ಟಿದ್ದರು. ಅಷ್ಟು ದೂರ ನಡೆದದ್ದು ಅದೇ ಮೊದಲು. ಏದುಸಿರು ಬಿಡುತ್ತಾ ನನ್ನ ಸ್ಟೂಲಿನ ಮೇಲೆ ಕೂತರು.

"ಅವಳು ತಿನ್ನುದಿಲ್ಲೆ, ನಾನು ತಿಂತೇನೆ" ಎಂದರು ಆ ಗಿರಾಕಿಗೆ. "ನನ್ನನ್ನ ಕೇಳಿ. ಹಾಸಿಗೆ ಹಿಡಿದವಳು ಇವತ್ತು ಎದ್ದು ಬಂದೆ, ಯಾವ ಮೊಟ್ಟೆ ತಿಂದು ಅಂತ ಗ್ರಹಿಸಿದ್ದೀರಿ? ಹಂದಿಗೆ ಜ್ವರ ಬಂದ್ರೆ ಕೋಳಿ ಎಂಥ ಮಾಡ್ತದೆ? ತೆಗೊಳ್ಳಿ, ಮಕ್ಕಳಿಗೆ ಕೊಡಿ."

ಆ ಹೆಂಗಸು ನಾಚಿಕೊಂಡೋ ಹೆದರಿಕೊಂಡೋ ಮೊಟ್ಟೆ ತೆಗೆದುಕೊಂಡು ಹೋದಳು. ಮರುದಿನದಿಂದ ಅತ್ತೆಗೆ ಅದೇ ಕೆಲಸ. ಬೆಳಿಗ್ಗೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಅಂಗಡಿಗೆ ಬಂದು ಕೂರುತ್ತಿದ್ದರು. ಬಂದವರಿಗೆಲ್ಲ ಕುಶಾಲಣ್ಣ ವ್ಯಾಪಾರಿಯನ್ನು ವಾಪಸು ಕಳಿಸಿದ ಕತೆ ಹೇಳುತ್ತಿದ್ದರು. ನಾನು ಹೇಳಿದ್ದಕ್ಕಿಂತ ಅವರ ಕತೆಯಲ್ಲಿ ವ್ಯಾಪಾರಿಯ ಮೀಸೆ ದೊಡ್ಡದಾಗಿತ್ತು. ಕೇಳಿದವರು ಬರೀ ಕೈಯಲ್ಲಿ ಹೋಗುತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿಯಾಗತೊಡಗಿತು. ಅತ್ತೆಯ ಕೈಯ ವಾಕರ್ ಹೋಗಿ ಕೋಲು ಬಂತು.

ಕಾಫಿ ಹಣ್ಣು ಕೆಂಪಾಗತೊಡಗಿದ್ದ ಒಂದು ಮಧ್ಯಾಹ್ನ ದಮಯಂತಕ್ಕನ ಫೋನ್ ಬಂತು. ನಾನು ಮೆಷಿನ್ ನಿಲ್ಲಿಸಿದೆ.

"ಇಲ್ಲ ಅಂತೆ ಗಿರಿಜಾ" ಎಂದರು. "ಆ ಕಾಯಿಲೆ ಅಲ್ಲ ಅಂತೆ. ಕಾಲಿಗೆ ತಂತಿ ಚುಚ್ಚಿ ಕೀವು ಆಗಿತ್ತು, ಅದರ ಜ್ವರ. ಈಗ ಎದ್ದು ತಿಂತಾ ಉಂಟು. ಇವರು ಬೇಲಿ ಹತ್ರ ಕೂತು ಅಳ್ತಾ ಇದ್ದಾರೆ."

ನಾನು ಫೋನನ್ನು ಅತ್ತೆಯ ಕಿವಿಗೆ ಕೊಟ್ಟೆ. ಇಬ್ಬರೂ ಅರೆಭಾಷೆಯಲ್ಲಿ ಒಂದೇ ಸಮನೆ ಮಾತಾಡಿದರು, ನಕ್ಕರು, ಮೂಗು ಒರೆಸಿಕೊಂಡರು. ಬೇರೆ ಊರುಗಳಲ್ಲಿ ಕೆಲವರು ಸಾಕಿದ್ದನ್ನೆಲ್ಲ ಕಳೆದುಕೊಂಡಿದ್ದರು. ಆ ಸಂಕಟ ತಿಳಿದಿದ್ದರಿಂದಲೋ ಏನೋ, ಇವರ ಮನೆಯ ಸಂತೋಷ ಕೂಡ ಮೆಲುದನಿಯಲ್ಲೇ ಇತ್ತು. ಸುತ್ತಲೆಲ್ಲ ಅಪಾಯ ಕಳೆಯಿತು ಎಂದು ಪಶುವೈದ್ಯರು ಹೇಳುವವರೆಗೂ ಅವರು ಗೇಟಿನ ಬೀಗ ತೆಗೆಯಲಿಲ್ಲ.

ಗೇಟು ತೆಗೆದದ್ದು ಗದ್ದೆಗಳಲ್ಲಿ ಕೊಯ್ಲು ನಡೆಯುತ್ತಿದ್ದಾಗ, ಒಂದು ಭಾನುವಾರ. ಅಂಗಡಿಯಲ್ಲಿ ಮೊಟ್ಟೆ ಕೊಂಡವರನ್ನೆಲ್ಲ ದಮಯಂತಕ್ಕ ಊಟಕ್ಕೆ ಕರೆದಿದ್ದರು. ಹದಿನೈದಿಪ್ಪತ್ತು ಜನ ಗೇಟಿನ ಹೊರಗೆ ನಿಂತಿದ್ದೆವು. ಒಳಗಿನಿಂದ ಮಸಾಲೆಯ ಘಮ ಬರುತ್ತಿತ್ತು. ನನಗೆಂದು ಬೇರೆ ಹೊಸ ಮಡಕೆಯಲ್ಲಿ ಉಪ್ಪಿಗೆ ಹಾಕಿದ ಎಳೆ ಬಿದಿರ ಕಣಿಲೆಯ ಪಲ್ಯ ಮಾಡಿದ್ದೇನೆಂದು ದಮಯಂತಕ್ಕ ದೂರದಿಂದಲೇ ಕೂಗಿ ಹೇಳಿದರು. ಕುಶಾಲಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಬೀಗ ತೆಗೆದು, ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಗುಂಪಿನಲ್ಲಿ ಅತ್ತೆಯನ್ನು ಹುಡುಕಿದರು.

"ಸೀತಕ್ಕ, ಮೊದಲು ನೀವು ಬನ್ನಿ" ಎಂದರು.

ಎಲ್ಲರೂ ಬದಿಗೆ ಸರಿದು ದಾರಿ ಬಿಟ್ಟರು. ಅತ್ತೆ ಒಂದು ಗಳಿಗೆ ಹಿಂದೆ ಮುಂದೆ ನೋಡಿದರು. ಕೋಲನ್ನು ನನ್ನ ಕೈಗೆ ಕೊಟ್ಟು, ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡರು. ಹಿಡಿಯಲು ಕೈ ಚಾಚಿದ ಲೋಕೇಶ್ ಅವರನ್ನು ನಾನು ತೋಳು ಮುಟ್ಟಿ ತಡೆದೆ. ಇಳಿಜಾರಿನ ಮಣ್ಣುದಾರಿಯಲ್ಲಿ ಅತ್ತೆ ಒಂದೊಂದೇ ಹೆಜ್ಜೆ ಇಡುತ್ತಾ, ಬೇಲಿಯ ಆಚೆ ಓಡಿ ಬಂದು ಮೂತಿ ಚಾಚಿದ ಹಂದಿಗಳ ಕಡೆಗೆ ನಡೆದರು.